ಬುಟ್ಟಿಗೊಂದು ಕಾಯ್ದೆ, ಗಾಜಿನ ಪೆಟ್ಟಿಗೆಗೊಂದು ನಿಯಮ

ಕೇಂದ್ರ ಪರಿಸರ ಸಚಿವಾಲಯ 2024ರ ಫೆಬ್ರವರಿ 28ರಂದು ಜೀವಂತ ಪ್ರಾಣಿ ಪ್ರಭೇದಗಳ ವರದಿ ಮತ್ತು ನೋಂದಣಿ ನಿಯಮಗಳನ್ನು ಹೊರಡಿಸಿತು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಯಾರ ಮನೆಯಲ್ಲಿದ್ದರೂ ಆರು ತಿಂಗಳೊಳಗೆ, ಅಂದರೆ ಆಗಸ್ಟ್ 28ರೊಳಗೆ, ಪರಿವೇಶ್ ಜಾಲತಾಣದಲ್ಲಿ ದಾಖಲಾಗಬೇಕಿತ್ತು. ಆಮೇಲೆ ಕೈಗೆ ಬಂದದ್ದಾದರೆ ಮೂವತ್ತು ದಿನದೊಳಗೆ ದಾಖಲಾಗಬೇಕು. ಮರಿ ಹಾಕಿದರೆ ತಿಳಿಸಬೇಕು, ಸತ್ತರೆ ತಿಳಿಸಬೇಕು, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಬಣ್ಣದ ಗಿಳಿ, ಇಗ್ವಾನಾಗಳ ಸಾಲಿನಲ್ಲೇ ಬಾಲ್ ಪೈಥಾನ್, ಬೋವಾ, ಹಳದಿ ಅನಕೊಂಡ, ಹಸಿರು ಅನಕೊಂಡಗಳೂ ಸರ್ಕಾರಿ ಲೆಕ್ಕಕ್ಕೆ ಬಂದವು. ಸಾಕುವವರು ಇದನ್ನು ನಿರ್ಬಂಧ ಅಂದರು, ಪ್ರಾಣಿದಯೆಯವರು ಸಡಿಲು ಅಂದರು. ನನಗೆ ಎರಡನೆಯ ಮಾತು ಸತ್ಯಕ್ಕೆ ಹತ್ತಿರ ಅನ್ನಿಸುತ್ತದೆ, ಆದರೆ ಅವರು ಕೊಡುವ ಕಾರಣಕ್ಕಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯವರಿಗೆ ಅನಕೊಂಡದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿಯಾರು. ಎರೆಹೊಲದ ಬದುವಿಗೆ, ಗ್ರಾನೈಟ್ ಗಣಿಯ ಕಲ್ಲುಸಂದಿಗೆ ನಮ್ಮ ನಾಗರ, ಕೊಳಕುಮಂಡಲ, ಗರಗಸ ಮಂಡಲಗಳೇ ಸಾಕಷ್ಟಿವೆ. ಆದರೂ ಈ ನಿಯಮವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಸರ್ಕಾರ ಜನರ ಕೈಯಿಂದ ಹಾವು ಬಿಡಿಸಿದ್ದನ್ನು ಈ ಸೀಮೆ ಆಗಲೇ ಒಮ್ಮೆ ಕಂಡಿದೆ.

ದೊಡ್ಡ ಹಾವಿನ ಮೋಹವೂ ನಮಗೆ ಹೊಸದಲ್ಲ. ಬಾದಾಮಿಯ ಮೊದಲನೇ ಗುಹೆಯಲ್ಲಿ ಕತ್ತೆತ್ತಿ ನೋಡಿದರೆ ಛಾವಣಿಯ ನಡುವೆ ನಾಗರಾಜನಿದ್ದಾನೆ: ಮೇಲೆ ಹೆಡೆಗಳು, ನಡುವೆ ಮನುಷ್ಯನ ಮೈ, ಕೆಳಗೆ ಚಕ್ಕುಲಿಯ ಹಾಗೆ ಸುತ್ತು ಹಾಕಿದ ಬಾಲ. ಮಂಗಳೇಶ 578ರಲ್ಲಿ ಶಾಸನ ಬರೆಸಿದ ಮೂರನೇ ಗುಹೆಯಲ್ಲಿ ವಿಷ್ಣು ಆದಿಶೇಷನ ಸುರುಳಿಯನ್ನೇ ಗದ್ದಿಗೆ ಮಾಡಿಕೊಂಡು ಕೂತಿದ್ದಾನೆ. ಹಾವನ್ನು ಪಳಗಿಸಿ ಮೇಲೆ ಕೂರುವ ಆಸೆ ದೇವರಿಗೇ ತಪ್ಪಲಿಲ್ಲ ಅಂದಮೇಲೆ ಹಾವು ಹಿಡಿದು ರೀಲ್ಸ್ ಮಾಡುವ ಹುಡುಗನನ್ನು ಬೈದು ಪ್ರಯೋಜನವೇನು?

ನಮ್ಮಲ್ಲಿ ಹಾವು ಸಾಕುತ್ತಿದ್ದವರು ಹಾವಾಡಿಗರು. ಪಂಚಮಿ ಅಂದರೆ ಶೇಂಗಾ ಉಂಡಿ, ಎಳ್ಳುಂಡಿ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಅದರ ಜೊತೆಗೇ ಓಣಿಯೊಳಗೆ ಪುಂಗಿಯ ದನಿ. ಆ ಬುಟ್ಟಿಯ ಬಗ್ಗೆ ಈಗ ಹಳಹಳಿಸುತ್ತ ಬರೆಯುವವರು ಬುಟ್ಟಿಯೊಳಗೆ ಬಗ್ಗಿ ನೋಡಿದವರಲ್ಲ. ಹಬ್ಬಕ್ಕೆ ತಿಂಗಳಿರುವಾಗಲೇ ಹಿಡಿದು ತಂದ ನಾಗರದ ಹಲ್ಲು ಕಿತ್ತಿರುತ್ತಿದ್ದರು. ಕೆಲವರು ತುಟಿಯನ್ನೂ ಹೊಲಿಯುತ್ತಿದ್ದರು. ನಾಲಗೆ ಹೊರಬರುವಷ್ಟು ಕಿಂಡಿ ಮಾತ್ರ ಉಳಿಯುತ್ತಿತ್ತು. ನೀರಿಲ್ಲದೆ ಒಣಗಿಸಿದ ಹಾವು ಹಬ್ಬದ ದಿನ ಬಟ್ಟಲಿಗೆ ಬಾಯಿ ಹಚ್ಚಿದರೆ ನಾಗಪ್ಪ ಹಾಲು ಕುಡಿದ ಎಂದು ಕೈ ಮುಗಿಯುತ್ತಿದ್ದೆವು. ಹಾಲು ಹಾವಿಗೆ ದಕ್ಕುವುದಿಲ್ಲ. ವಸಡು ಕೀವಾಗಿ, ಹೊಟ್ಟೆಗಿಲ್ಲದೆ ಸಾಯುವುದೇ ಅದರ ಹಣೆಬರಹ. ಸತ್ತರೆ ಇನ್ನೊಂದು ಹಿಡಿದರಾಯಿತು. ಇದನ್ನು ಕಾಯ್ದೆ ನಿಲ್ಲಿಸಿದ್ದು ಸರಿ, ಆ ಬಗ್ಗೆ ನನಗೆ ಎರಡು ಮಾತಿಲ್ಲ.

ಆದರೆ ನಿಲ್ಲಿಸಿದ ರೀತಿಯನ್ನು ನೋಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದು ಓಣಿಯ ಬುಟ್ಟಿಯ ತನಕ ನಡೆದು ಬರಲು ವರ್ಷಗಳೇ ಹಿಡಿದವು. ಬಂದಾಗ ಮಾತ್ರ ನೋಂದಣಿ, ಗಡುವು, ಪ್ರಮಾಣಪತ್ರದ ಮಾತು ಹಾವಾಡಿಗರ ತನಕ ಬರಲಿಲ್ಲ. ಬುಟ್ಟಿ ಹೋಯಿತು, ಪುಂಗಿ ಉಳಿಯಿತು. ಇಳಕಲ್ಲಿನ ಸಂತೆಯಲ್ಲಿ ಈಗ ಪ್ಲಾಸ್ಟಿಕ್ ಸಾಮಾನು ಮಾರುವ ಒಬ್ಬ ಹಿರಿಯರನ್ನು ಹಳೆಯ ಕಸುಬಿನ ಬಗ್ಗೆ ಕೇಳಿದರೆ ಅವರು ನಕ್ಕುಬಿಟ್ಟರು. “ಹಾವು ಬಿಡ್ರಿ ಅಂದ್ರು, ಬಿಟ್ವಿ. ಹಿಡಿಯೂದು ಹೆಂಗ ಮರಿಬೇಕು ಅಂತ ಯಾರೂ ಹೇಳಿಕೊಡಲಿಲ್ಲರಿ ಸಾಹೇಬ್ರ.” 2022ರ ತಿದ್ದುಪಡಿಯಲ್ಲಿ ನಾಗರಹಾವು ಮೊದಲನೇ ಅನುಸೂಚಿಗೇ ಏರಿತು. ಆ ಪಟ್ಟಿಯ ಪ್ರಾಣಿಯನ್ನು ಹಿಡಿದಿಟ್ಟುಕೊಂಡವನಿಗೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

ಇತ್ತ ವಿದೇಶಿ ಹಾವು ಸಾಕಿದವರಿಗೆ ಸಿಕ್ಕಿದ್ದೇನು? 2020ರ ಜೂನ್‌ನಲ್ಲಿ ಅದೇ ಸಚಿವಾಲಯ ಸ್ವಯಂ ಘೋಷಣೆಯ ಅವಕಾಶ ಕೊಟ್ಟಿತು. ಆರು ತಿಂಗಳೊಳಗೆ ಹೇಳಿಕೊಂಡವರು ಕಾಗದಪತ್ರ ತೋರಿಸಬೇಕಾಗಿರಲಿಲ್ಲ; ಎಲ್ಲಿಂದ ಬಂತು, ಯಾರು ತಂದರು ಎಂಬ ಪ್ರಶ್ನೆಯೇ ಇಲ್ಲ. ದೇಶದಾದ್ಯಂತ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೇಳಿಕೊಂಡರು. 2024ರ ನಿಯಮ ಅದರ ಮುಂದಿನ ಮೆಟ್ಟಿಲು, ಅರ್ಜಿಯ ಶುಲ್ಕ ಸಾವಿರ ರೂಪಾಯಿ. ಹೊಲದಲ್ಲಿ ಸಿಕ್ಕ ಹಾವನ್ನು ಬುಟ್ಟಿಯಲ್ಲಿಟ್ಟವನು ಅಪರಾಧಿ, ಬ್ಯಾಂಕಾಕ್‌ನಿಂದ ಬಂದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟವನು ಅರ್ಜಿದಾರ. ಹಾವಿನ ಸಂಕಟ ಎರಡೂ ಕಡೆ ಇದ್ದದ್ದೇ.

ಬ್ಯಾಂಕಾಕ್ ಎಂದು ಸುಮ್ಮನೆ ಬರೆದದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆ ಊರಿಂದ ಬಂದ ಚೀಲಗಳೊಳಗೆ 72 ಹಾವುಗಳು ಸಿಕ್ಕವು: 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ ಕಪುಚಿನ್ ಕೋತಿಗಳು ಸತ್ತಿದ್ದವು. ಆಗುಂಬೆಯ ಕಾಡು ಇರುವ ರಾಜ್ಯಕ್ಕೆ ಕಾಳಿಂಗವನ್ನು ವಿಮಾನದಲ್ಲಿ ತರುತ್ತಾರೆಂದರೆ ಇದು ಹಾವಿನ ಪ್ರೀತಿಯಲ್ಲ, ಅಂಗಡಿಯ ದರಪಟ್ಟಿ. ಮುಂದೆ 2024ರ ಏಪ್ರಿಲ್‌ನಲ್ಲಿ, ನೋಂದಣಿಯ ಗಡುವು ಓಡುತ್ತಿರುವಾಗಲೇ, ಅದೇ ನಿಲ್ದಾಣದಲ್ಲಿ ಅದೇ ಬ್ಯಾಂಕಾಕ್‌ನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕವು. ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಒಳಗೆ ನುಗ್ಗುವವರು ಹೆಚ್ಚುತ್ತಾರೆಂಬುದು ನಿಯಮ ಬರೆದವರಿಗೆ ಹೊಳೆಯಬೇಕಿತ್ತು.

ನನ್ನ ಮುಖ್ಯ ತಕರಾರು ಬೇರೆ. ಈ ನಿಯಮ ನಿಂತಿರುವುದು ವ್ಯಾಪಾರದ ಪಟ್ಟಿಯ ಮೇಲೆ. ಒಂದು ಪ್ರಾಣಿ ತನ್ನ ದೇಶದಲ್ಲಿ ವ್ಯಾಪಾರದಿಂದ ಕಡಿಮೆಯಾಗುತ್ತಿದೆಯೇ ಎಂಬುದನ್ನು ಸೈಟ್ಸ್ ನೋಡುತ್ತದೆ. ಅದು ಸಾಕುವವನ ಕುತ್ತಿಗೆಗೆ ಸುತ್ತಿಕೊಂಡೀತೇ, ತಪ್ಪಿಸಿಕೊಂಡರೆ ನಮ್ಮ ಹೊಳೆಯಲ್ಲಿ ಬದುಕೀತೇ ಎಂಬುದನ್ನು ನೋಡುವುದು ಅದರ ಕೆಲಸವಲ್ಲ. ಹಾಗಾಗಿ ಒಂದೂವರೆ ಮೀಟರಿಗೆ ನಿಲ್ಲುವ ಸಾಧು ಬಾಲ್ ಪೈಥಾನಿಗೂ, ಐದು ಮೀಟರು ಮುಟ್ಟಬಲ್ಲ ಹಸಿರು ಅನಕೊಂಡಕ್ಕೂ ಒಂದೇ ಕಾಲಂ, ಒಂದೇ ಶುಲ್ಕ. ಪಟ್ಟಿಯಲ್ಲಿಲ್ಲದ ವಿದೇಶಿ ವಿಷದ ಹಾವಿಗೆ ಕಾಲಂ ಕೂಡ ಇಲ್ಲ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಹೊರದೇಶದ್ದು ಕಚ್ಚಿದರೆ ಹುನಗುಂದದ ತಾಲ್ಲೂಕು ಆಸ್ಪತ್ರೆಯಲ್ಲೂ ಔಷಧವಿಲ್ಲ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ. ಅದೇ 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು, ಒಳ್ಳೆಯ ಹೆಜ್ಜೆ. ಒಂದು ಇಲಾಖೆ ಕಡಿತವನ್ನು ಎಣಿಸುತ್ತಿದೆ, ಇನ್ನೊಂದು ಹಾವನ್ನು ಎಣಿಸುತ್ತಿದೆ, ಎರಡು ಪುಸ್ತಕಗಳು ಒಂದೆಡೆ ಸೇರುವ ಲಕ್ಷಣವಿಲ್ಲ.

ಸಾಕುವ ಬಗೆಯ ವಿಷಯಕ್ಕೆ ಬಂದರೆ ನಿಯಮದ ಮೌನ ಇನ್ನೂ ದೊಡ್ಡದು. ಹಾವಿನ ಉದ್ದಕ್ಕೆ ತಕ್ಕ ಗೂಡಿನ ಅಳತೆಯನ್ನು ಅದು ನಿಗದಿ ಮಾಡಿಲ್ಲ. ಅಮೆಜಾನಿನ ಜೌಗಿನ ಹಾವನ್ನು ಬಾಗಲಕೋಟೆಯ ನವನಗರದ ಬಾಡಿಗೆ ಮನೆಯಲ್ಲಿಟ್ಟರೆ ಏಪ್ರಿಲ್‌ನಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಹೊರಗೆ ನಲವತ್ತು ಡಿಗ್ರಿ, ಗಾಳಿಯಲ್ಲಿ ಪಸೆಯಿಲ್ಲ, ಮಧ್ಯಾಹ್ನ ಕರೆಂಟು ಹೋಗುತ್ತದೆ. ತೇವವಿದ್ದರೆ ಹಾವಿನ ಪೊರೆ ಮೂತಿಯಿಂದ ಬಾಲದವರೆಗೆ ಕಾಲುಚೀಲ ತೆಗೆದಂತೆ ಇಡಿಯಾಗಿ ಕಳಚುತ್ತದೆ. ತೇವವಿಲ್ಲದಿದ್ದರೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದು ಇರುತ್ತದೆ. ಹಳೆಯ ಹುರುಪೆ ಬಿಡದೆ ಅದರ ಮೇಲೇ ಹೊಸದು ಕೂತರೆ ಕಣ್ಣು ಮಂಜಾಗುತ್ತದೆ. ಬಾಲದ ತುದಿಯಲ್ಲಿ ಉಳಿದ ಪೊರೆ ಒಣಗಿ ಬಿಗಿದು ರಕ್ತ ನಿಲ್ಲಿಸುತ್ತದೆ. ದನದ ಡಾಕ್ಟರರಿಗೆ ತೋರಿಸಿದರೆ ಪಾಪ, ಅವರು ಎಮ್ಮೆ, ಕುರಿ ನೋಡುತ್ತ ಬಂದವರು. ತುಟಿ ಹೊಲಿದ ನಾಗರಕ್ಕಿಂತ ಇದು ನಾಜೂಕಾದ ಹಿಂಸೆ, ಅಷ್ಟೇ ವ್ಯತ್ಯಾಸ.

ಹವ್ಯಾಸಿಗಳ ಮಾತನ್ನೂ ತಳ್ಳಿಹಾಕಬಾರದು. ತಮ್ಮ ಹಾವು ಕಾಡಿನಿಂದ ಕದ್ದದ್ದಲ್ಲ, ಸಾಕಣೆಯಲ್ಲೇ ಹುಟ್ಟಿದ್ದು ಅನ್ನುತ್ತಾರೆ. ಕೆಲವರ ಮಟ್ಟಿಗೆ ಅದು ನಿಜ. ನಿಷೇಧಿಸಿದರೆ ಹಾವುಗಳು ಮಾಯವಾಗುವುದಿಲ್ಲ, ಮುಚ್ಚಿದ ಬಾಗಿಲ ಹಿಂದೆ ಹೋಗುತ್ತವೆ ಅನ್ನುತ್ತಾರೆ. ಇದಂತೂ ಪೂರ್ತಿ ನಿಜ, ನಮ್ಮ ಕಣ್ಣೆದುರೇ ನಡೆದಿದೆ. ‘ಎರಡು ತಲೆ ಹಾವು’ ಎಂದು ಕರೆಯುವ ಮಣ್ಣುಮುಕ್ಕ ಹಾವಿನ ಮಾರಾಟ ಎಂದೋ ನಿಷಿದ್ಧ. ಆದರೂ ನಿಧಿ ತೋರಿಸುತ್ತದೆ, ಅದೃಷ್ಟ ಖುಲಾಯಿಸುತ್ತದೆ ಎಂದು ತೂಕದ ಲೆಕ್ಕದಲ್ಲಿ ಲಕ್ಷಗಟ್ಟಲೆ ಬೆಲೆ ಹೇಳಿ ಮಾರುವ ಜಾಲ ಮೊಬೈಲಿನಲ್ಲಿ ರಾಜಾರೋಷವಾಗಿ ಓಡಾಡುತ್ತದೆ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ ಇಂಡಿಯಾ 2016ರಿಂದ 2021ರವರೆಗಿನ ಸುದ್ದಿಗಳನ್ನು ಕಲೆಹಾಕಿದಾಗ ಈ ಒಂದು ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಸಿಕ್ಕವು.

ಹಾಗೆಂದು ನಿಷೇಧ ತಡವಾದರೂ ಕಷ್ಟವೇ. ಅಮೆರಿಕ 2012ರಲ್ಲಿ ಬರ್ಮಾ ಹೆಬ್ಬಾವು, ಹಳದಿ ಅನಕೊಂಡ ಸೇರಿ ನಾಲ್ಕು ದೊಡ್ಡ ಹಾವುಗಳನ್ನು ಹಾನಿಕಾರಕ ಪಟ್ಟಿಗೆ ಸೇರಿಸಿತು, 2015ರಲ್ಲಿ ಇನ್ನೂ ನಾಲ್ಕನ್ನು. ಸಾಕುವವರ ಸಂಘ ಕೋರ್ಟಿಗೆ ಹೋಯಿತು. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಅಧಿಕಾರ ಆ ಕಾನೂನಿಗಿಲ್ಲ ಎಂದು 2017ರಲ್ಲಿ ತೀರ್ಪು ಬಂತು. ಆದರೆ ಅಷ್ಟರಲ್ಲಿ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕಿ ಬಿಟ್ಟ ಬರ್ಮಾ ಹೆಬ್ಬಾವುಗಳು ಸಂತತಿ ಬೆಳೆಸಿ, ಅಲ್ಲಿನ ರಕೂನ್, ಮೊಲಗಳನ್ನು ನುಂಗಿ ಮುಗಿಸುತ್ತ ಬಂದಿದ್ದವು. ಇಪ್ಪತ್ತು ವರ್ಷ ಬದುಕುವ ಹಾವನ್ನು ಇಪ್ಪತ್ತು ತಿಂಗಳ ಉಮೇದಿನಲ್ಲಿ ಕೊಂಡವರು ಕೊನೆಗೆ ಮಾಡುವುದು ಅದನ್ನೇ, ರಾತ್ರಿ ಹೋಗಿ ನೀರಿಗೆ ಬಿಟ್ಟು ಬರುತ್ತಾರೆ.

ನಮ್ಮಲ್ಲೂ ನೀರಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯನ್ನೇ ನುಂಗಿ ಕೂತಿದೆ. ಘಟಪ್ರಭೆ, ಮಲಪ್ರಭೆಗಳ ದಂಡೆಯಲ್ಲಿ ಕಬ್ಬು ಆಳೆತ್ತರ. ಅನಕೊಂಡ ಇಲ್ಲಿ ಬದುಕಿಯೇ ಬದುಕುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಹೊರಗಿನಿಂದ ತಂದದ್ದು ಏನು ಮಾಡಬಲ್ಲದು ಎಂಬುದಕ್ಕೆ ಇಲ್ಲಿ ಪಾಠ ಬೇಕಿಲ್ಲ. ಉರುವಲಿಗೆ, ಹಸಿರಿಗೆ ಎಂದು ಸರ್ಕಾರವೇ ಹಬ್ಬಿಸಿದ ಬಳ್ಳಾರಿ ಜಾಲಿ ಕೆರೆಯಂಗಳ, ಹಳ್ಳದ ದಡ ಯಾವುದನ್ನೂ ಬಿಡಲಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದರೂ ಹೊಂಡಗಳಲ್ಲಿ ಬೆಳೆಸುವುದು ನಿಂತಿಲ್ಲ. 2022ರ ತಿದ್ದುಪಡಿ 62ಎ ಎಂಬ ಹೊಸ ಕಲಮಿನಲ್ಲಿ ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ಮಾರಾಟ, ಸಾಕಣೆಯನ್ನೇ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ದೊಡ್ಡ ಹಾವುಗಳ ವಿಷಯದಲ್ಲಿ ಬಳಸಬೇಕಾದ ಆಯುಧ ಅದು. ಅದನ್ನು ಬದಿಗಿಟ್ಟು ರಿಜಿಸ್ಟರ್ ತೆರೆದು ಕೂತದ್ದು ನನಗೆ ಒಗಟಾಗಿದೆ.

ಫ್ಲೋರಿಡಾದ ಕಥೆಗೆ ಇನ್ನೊಂದು ತಿರುವಿದೆ, ಅದು ಹಾವಾಡಿಗರ ಬಳಿಗೇ ತಂದು ನಿಲ್ಲಿಸುತ್ತದೆ. ಆ ಜೌಗಿನಲ್ಲಿ ಹೆಬ್ಬಾವು ಹುಡುಕುವುದು ತಮ್ಮ ಕೈಲಾಗದು ಎಂದಾಗ ಅಲ್ಲಿನವರು 2017ರ ಜನವರಿಯಲ್ಲಿ ಕರೆಸಿದ್ದು ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು. ಎರಡು ವಾರ ತುಂಬುವ ಮೊದಲೇ ಹದಿಮೂರು ಹಾವು ಹಿಡಿದರು, ಒಂದು ಹದಿನಾರು ಅಡಿಯದು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಹಾವಿನ ಚರ್ಮದ ರಫ್ತು ನಿಂತು ಇರುಳರ ಹೊಟ್ಟೆಗೆ ಕುತ್ತು ಬಂದಾಗ, ಉರಗತಜ್ಞ ರೋಮುಲಸ್ ವಿಟೇಕರ್ ಮುಂದೆ ನಿಂತು 1978ರಲ್ಲಿ ಚೆನ್ನೈ ಬಳಿ ಅವರದೇ ಸಹಕಾರ ಸಂಘ ಕಟ್ಟಿಸಿದ್ದರು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವುದು ಅವರಿಗೆ ಕಾನೂನು ಒಪ್ಪಿದ ಕಸುಬಾಯಿತು. ಇಲ್ಲಿ ಅಂಥ ದಾರಿ ತೆರೆಯಲಿಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ಎತ್ತಿಕೊಂಡು ಕಚ್ಚಿಸಿಕೊಳ್ಳುವವರು ಇರುವ ನಾಡಿನಲ್ಲಿ, ಕಂಡೊಡನೆ ಬೇರ್ಪಡಿಸಬಲ್ಲ ಕಣ್ಣುಗಳು ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರುತ್ತಿವೆ.

ಹಾಗಾಗಿ ನನ್ನ ನಿಲುವು ಇಷ್ಟು. ಅನಕೊಂಡಗಳನ್ನು, ಮೂರು ಮೀಟರು ದಾಟುವ, ಸುತ್ತಿ ಬಿಗಿಯುವ ಇತರ ಹಾವುಗಳನ್ನು, ವಿದೇಶಿ ವಿಷದ ಹಾವುಗಳನ್ನು ಮನೆಯಲ್ಲಿಡುವುದು ನಿಲ್ಲಬೇಕು. ಈಗಾಗಲೇ ಇಟ್ಟವರು ಅದರ ಆಯುಸ್ಸು ಮುಗಿಯುವ ತನಕ ಸಾಕಲಿ, ಮರಿ ಮಾಡಿಸದಿರಲಿ. ಚಿಕ್ಕ ಹಾವುಗಳಿಗೆ ನೋಂದಣಿ ಇರಲಿ, ಆದರೆ ಗೂಡಿನ ಅಳತೆ, ತೇವ, ನೋಡಿಕೊಳ್ಳುವ ವೈದ್ಯರು ಯಾರು ಎಂಬುದೂ ಅದರಲ್ಲಿ ಬರಲಿ. ತಪಾಸಣೆಗೆ ಹೋಗುವ ಗಾರ್ಡಿನ ಜೊತೆ ಹಾವು ಬಲ್ಲ ಒಬ್ಬರು ದಿನಗೂಲಿಯ ಮೇಲಾದರೂ ಇರಲಿ, ಆ ಜನ ನಮ್ಮಲ್ಲೇ ಇದ್ದಾರೆ. ಒಪ್ಪಿಸಿಬಿಡುತ್ತೇನೆ ಎಂದು ಬರುವವನಿಗೂ ಜಾಗ ತೋರಿಸಬೇಕು. ನಮಗೆ ಹತ್ತಿರದ ಮೃಗಾಲಯಗಳೆಂದರೆ ಗದಗಿನ ಬಿಂಕದಕಟ್ಟಿ, ಹಂಪಿ ಬಳಿಯ ಕಮಲಾಪುರ. ಒಂದು ಸಂಜೆ ಯಾರಾದರೂ ಎಂಟಡಿ ಅನಕೊಂಡವನ್ನು ಗೋಣಿಚೀಲದಲ್ಲಿ ಹೊತ್ತು ತಂದು ಬಾದಾಮಿಯ ವಲಯ ಅರಣ್ಯಾಧಿಕಾರಿಯ ಮೇಜಿನ ಪಕ್ಕ ಇಟ್ಟರೆ, ಆ ರಾತ್ರಿ ಅದನ್ನು ಎಲ್ಲಿ ಇಡಬೇಕು, ಬೆಳಿಗ್ಗೆ ಯಾರ ಖರ್ಚಿನಲ್ಲಿ ಎಲ್ಲಿಗೆ ಸಾಗಿಸಬೇಕು ಎಂದು ಹೇಳುವ ಎರಡು ಸಾಲನ್ನಾದರೂ ಮುಂದಿನ ತಿದ್ದುಪಡಿಯಲ್ಲಿ ಬರೆಯಲಿ.