ಜಾಲ, ಕಡತ, ಮುಖಪುಟ: ಜಾಲತಾಣ ನಿರ್ಮಾಣದ ಪ್ರಾಥಮಿಕ ಪರಿಭಾಷೆ ಮತ್ತು ಕುಂದಾಪ್ರ ಕನ್ನಡ

ಕನ್ನಡದ ಪರಿಭಾಷಾ ಚರ್ಚೆ ಬಹುಕಾಲದಿಂದ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ: ಪದವು ಸಂಸ್ಕೃತದ್ದಿರಬೇಕೆ, ಅಚ್ಚಗನ್ನಡದ್ದಿರಬೇಕೆ, ಇಂಗ್ಲಿಷಿನದೇ ಉಳಿಯಬೇಕೆ? ಜಾಲತಾಣ ನಿರ್ಮಾಣವನ್ನು ಹೊಸದಾಗಿ ಕಲಿಯುವವರ ಪದಾವಳಿಯನ್ನು ಪರಿಶೀಲಿಸಿದರೆ, ಪದದ ಮೂಲಕ್ಕಿಂತ ಅದರ ಕಾರ್ಯವೇ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. ಇಲ್ಲಿ ಎರಡು ಪರೀಕ್ಷೆಗಳು ಸಾಕು. ಕಲಿಯುವವರಿಗೆ ಅಗತ್ಯವಾದ ಅರ್ಥಭೇದವನ್ನು ಪದವು ಉಳಿಸುತ್ತದೆಯೆ? ಆಡುವ ವಾಕ್ಯದೊಳಗೆ ಅದು ತೊಡಕಿಲ್ಲದೆ ಕೂರುತ್ತದೆಯೆ? ಎರಡನೆಯ ಪರೀಕ್ಷೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕುಂದಾಪ್ರ ಕನ್ನಡ ಒಳ್ಳೆಯ ಒರೆಗಲ್ಲು.

ಮೊದಲು ಅರ್ಥಭೇದ. ಇಂಟರ್ನೆಟ್ ಮತ್ತು ವೆಬ್ ಒಂದೇ ಅಲ್ಲ. ಇಂಟರ್ನೆಟ್ ಗಣಕಜಾಲಗಳನ್ನು ಬೆಸೆಯುವ ವ್ಯವಸ್ಥೆ. ಅದರ ಪೂರ್ವರೂಪವಾದ ಅರ್ಪಾನೆಟ್ 1969ರದು. ವೆಬ್ ಅದರ ಮೇಲೆ ನಡೆಯುವ ಒಂದು ಸೇವೆ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಅದನ್ನು ಪ್ರಸ್ತಾಪಿಸಿದರು. ಕನ್ನಡದಲ್ಲಿ ‘ಅಂತರ್ಜಾಲ’ ಮತ್ತು ‘ಜಾಲತಾಣ’ ಎರಡರಲ್ಲೂ ‘ಜಾಲ’ವೇ ಇರುವುದರಿಂದ ಈ ಭೇದ ಅಳಿಸಿಹೋಗುತ್ತದೆ. ‘ಅಂತರ್’ ಎಂಬುದು ‘ಒಳಗೆ’ ಎಂಬುದನ್ನೂ ‘ನಡುವೆ’ ಎಂಬುದನ್ನೂ ಸೂಚಿಸುವುದು ಮತ್ತೊಂದು ತೊಡಕು. ‘ಅಂತರ್ಗತ’ವನ್ನು ಬಲ್ಲ ವಿದ್ಯಾರ್ಥಿ ‘ಅಂತರ್ಜಾಲ’ವನ್ನು ಒಂದು ಸಂಸ್ಥೆಯ ಒಳಗಿನ ಜಾಲ, ಅಂದರೆ ಇಂಟ್ರಾನೆಟ್, ಎಂದು ತಿಳಿದರೆ ಅದು ಅವನ ತಪ್ಪಲ್ಲ. ‘ಅಂತರ್ಜಲ’ಕ್ಕೂ ಇದಕ್ಕೂ ಇರುವ ವ್ಯತ್ಯಾಸವಂತೂ ಒಂದು ಸ್ವರದ ದೀರ್ಘತೆ ಮಾತ್ರ.

ಹಾಗಾದರೆ ‘ಬಲೆ’ಯನ್ನು ಆರಿಸಬಹುದಿತ್ತೆ? ಗಂಗೊಳ್ಳಿಯಂಥ ಮೀನುಗಾರಿಕೆಯ ಊರಿನಲ್ಲಿ ಬಲೆ ನಿತ್ಯದ ಮಾತು. ಆದರೆ ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ ಅದು ಮೇಲಾಗದು. ಬಲೆ ಎಂದರೆ ಹಿಡಿಯುವ ಸಾಧನ. ‘ಬಲೆಗೆ ಬೀಳುವುದು’ ಎಂಬ ನುಡಿಗಟ್ಟು ಆ ಅರ್ಥವನ್ನೇ ಗಟ್ಟಿಗೊಳಿಸಿದೆ. ‘ವಂಚಕರ ಜಾಲ’ ಎನ್ನುವಲ್ಲಿ ಜಾಲಕ್ಕೂ ಆ ಛಾಯೆ ಇದೆಯಾದರೂ, ಪರಸ್ಪರ ಸಂಪರ್ಕದ ಹೆಣಿಗೆ ಎಂಬ ವಿಸ್ತೃತ ಅರ್ಥ ಅದಕ್ಕೆ ಆಗಲೇ ಒದಗಿತ್ತು. ಆದ್ದರಿಂದ ‘ಜಾಲ’ದ ಆಯ್ಕೆ ದೋಷವಲ್ಲ, ಎರಡು ಪರಿಕಲ್ಪನೆಗಳಿಗೆ ಅದೊಂದನ್ನೇ ಬಳಸಿದ್ದು ದೋಷ.

‘ಕಡತ’ದ ಚರಿತ್ರೆ ಇನ್ನೂ ಸ್ವಾರಸ್ಯಕರ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರಿತ್ತು. ಅದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ, ಅಲ್ಲಿಂದ ಗಣಕಕ್ಕೆ ಬಂತು. ಆದರೆ ತಾಲೂಕು ಕಚೇರಿಯ ಕಡತ ಅನೇಕ ಪತ್ರಗಳನ್ನು ಒಳಗೊಂಡದ್ದು. ಗಣಕದ ಕಡತವಾದರೋ ಫೋಲ್ಡರಿನೊಳಗಿನ ಒಂದು ಬಿಡಿ ಘಟಕ. ಇಂಗ್ಲಿಷಿನ ‘ಫೈಲ್’ ಪದಕ್ಕೂ ಇದೇ ಇಬ್ಬಂದಿ ಇದೆ. ಅನುವಾದದೊಂದಿಗೆ ಅದೂ ಬಂದಿದೆ. ಚಿತ್ರವಿರುವ ಸ್ಥಳವನ್ನು ಪುಟಕ್ಕೆ ಸೂಚಿಸಬೇಕಾದಾಗ ಹೊಸಬರು ಎಡವುವುದಕ್ಕೆ ಈ ಒಳ-ಹೊರಗಿನ ಗೊಂದಲವೂ ಕಾರಣವಾಗಬಲ್ಲದು. ‘ಮುಖಪುಟ’ವೂ ಹೀಗೆಯೇ: ಪತ್ರಿಕೆಯಲ್ಲಿ ಅದು ಹೊದಿಕೆ ಅಥವಾ ಮೊದಲ ಪುಟ; ಜಾಲತಾಣದಲ್ಲಿ ಎಲ್ಲಿಂದಲಾದರೂ ಮರಳಿ ಬರಬೇಕಾದ ನೆಲೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬಳಸುವ ‘ಮುಖ್ಯ ಪುಟ’ ಈ ದೃಷ್ಟಿಯಿಂದ ಹೆಚ್ಚು ನಿಖರ.

ಇನ್ನು ಎರಡನೆಯ ಪರೀಕ್ಷೆ. ಎರವಲು ಪದಗಳು ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲವೆಂಬ ವಾದಕ್ಕೆ ವ್ಯಂಜನಾಂತ್ಯವೂ ಒಂದು ಆಧಾರ. ಶಿಷ್ಟ ಕನ್ನಡ ‘ಲಿಂಕು’, ‘ಟ್ಯಾಗು’ ಎಂದು ಉಕಾರ ಸೇರಿಸಿಕೊಂಡು ಅವುಗಳನ್ನು ಒಗ್ಗಿಸಿಕೊಳ್ಳುತ್ತದೆ. ಕುಂದಾಪ್ರ ಕನ್ನಡದಲ್ಲಿ ದೇಶ್ಯಪದಗಳೇ ಅಂತ್ಯದ ಉಕಾರ ಕಳಚಿ ‘ಊರ್’, ‘ಹಾಲ್’ ಎಂದಾಗುವುದರಿಂದ ‘ಲಿಂಕ್’ ಇದ್ದ ಹಾಗೆಯೇ ಕೂರುತ್ತದೆ. ‘ಮಾಡಬೇಕು’ ಎಂಬುದು ‘ಮಾಡ್ಕ್’ ಆಗುವ ಈ ನುಡಿಯಲ್ಲಿ ‘ಸೇವ್ ಮಾಡ್ಕ್’, ‘ಲಿಂಕ್ ಕೊಡ್ಕ್’ ಎಂಬ ರಚನೆಗಳು ಪೂರ್ಣವಾಗಿ ವ್ಯಾಕರಣಬದ್ಧ. ನಾಮಪದ ಎರವಲು, ಕ್ರಿಯೆ ದೇಶ್ಯ. ನಮ್ಮ ಪದಪಟ್ಟಿಗಳಾದರೋ ನಾಮಪದಗಳನ್ನೇ ಪೋಣಿಸುತ್ತ, ಕಲಿಕೆ ನಡೆಯುವ ಕ್ರಿಯಾಪದಗಳ ನೆಲೆಯನ್ನು ಮರೆತಿವೆ. ‘ವೀಕ್ಷಿಸಿ’ ಎಂದು ಬರೆಯುವವರಿಗೆ ‘ಇಲ್ಕಾಣಿ’ ಎನ್ನುವ ಓದುಗರು ಕಾಣಿಸುವುದಿಲ್ಲ. ‘ಕಾಣು’ ಹಳಗನ್ನಡದಿಂದ ಬಂದ ಧಾತು. ಅದನ್ನು ಗ್ರಾಮ್ಯವೆಂದು ಬದಿಗಿಡಲು ಭಾಷಾಶಾಸ್ತ್ರೀಯ ಕಾರಣವಿಲ್ಲ.

ಕುಂದಾಪ್ರ ಕನ್ನಡಕ್ಕೆ ಪ್ರತ್ಯೇಕ ಗಣಕ ಪದಕೋಶ ಬೇಕೆಂಬುದು ಇಲ್ಲಿನ ವಾದವಲ್ಲ. ಎಚ್‌ಟಿಎಂಎಲ್‌ನ ಸಂಕೇತಪದಗಳು ಹೇಗೂ ರೋಮನ್ ಲಿಪಿಯಲ್ಲೇ ಇರುತ್ತವೆ. ಕನ್ನಡ ಬೇಕಿರುವುದು ಅವುಗಳ ವಿವರಣೆಗೆ. ತೆರೆಯುವ ಟ್ಯಾಗ್, ಒಳಗಿನ ವಿಷಯ, ಮುಚ್ಚುವ ಟ್ಯಾಗ್ ಮೂರೂ ಸೇರಿದರೆ ಒಂದು ಎಲಿಮೆಂಟ್ ಎಂಬ ಸರಳ ವಾಕ್ಯ, ‘ಧಾತ್ವಂಶ’ದಂಥ ಸಮಾಸಕ್ಕಿಂತ ಹೆಚ್ಚು ಕಲಿಸುತ್ತದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಲ್ಲಿ ಕೈಗೊಂಡದ್ದು ಪದಪಟ್ಟಿಯ ರಚನೆಯನ್ನಲ್ಲ, ವಿವರಣೆಯನ್ನು. ಪರಿಭಾಷಾ ಸಮಿತಿಗಳು ಒಂದು ಪದವನ್ನು ಅಂಗೀಕರಿಸುವ ಮೊದಲು ಅದನ್ನು ಬಳಸಿ ಐದು ವಾಕ್ಯಗಳ ಪಾಠ ಬರೆದು, ಕುಂದಾಪುರದ ಕನ್ನಡ ಮಾಧ್ಯಮದ ವಿದ್ಯಾರ್ಥಿಯೊಬ್ಬನಿಗೆ ಓದಲು ಕೊಡಲಿ. ಅವನು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳಬಲ್ಲನಾದರೆ ಪದ ಉಳಿಯಲಿ. ಇಲ್ಲವಾದರೆ ‘ಲಿಂಕ್’ ಲಿಂಕ್ ಆಗಿಯೇ ಇರಲಿ.