ದಂಟಿನಿಂದ ಶಿಲ್ಪಕ್ಕೆ: ಟಾರ್ಸೊ

ತಲೆ, ಕೈ, ಕಾಲುಗಳನ್ನು ಬಿಟ್ಟು ಉಳಿಯುವ ಮೈಭಾಗಕ್ಕೂ, ಅಷ್ಟನ್ನೇ ತೋರಿಸುವ ಶಿಲ್ಪಕ್ಕೂ ಟಾರ್ಸೊ ಎಂಬ ಒಂದೇ ಹೆಸರಿದೆ. ಇಟಾಲಿಯನ್ ಭಾಷೆಯಲ್ಲಿ ಈ ಪದಕ್ಕೆ ಕೋಸಿನ ದಂಟು, ಹಣ್ಣು ತಿಂದ ಮೇಲೆ ಉಳಿಯುವ ನಡುಭಾಗ ಎಂಬ ಅರ್ಥಗಳಿವೆ. ಅದು ಹುಟ್ಟಿದ್ದು ಲ್ಯಾಟಿನ್ನಿನ ತಿರ್ಸುಸ್‌ನಿಂದ. ಲ್ಯಾಟಿನ್ ಅದನ್ನು ಪಡೆದದ್ದು ಗ್ರೀಕ್‌ನಿಂದ. ಗ್ರೀಕರಲ್ಲಿ ಅದು ಮದ್ಯದೇವತೆ ಡಯೊನೈಸಸ್‌ನ ಭಕ್ತರು ಹಿಡಿಯುತ್ತಿದ್ದ ಕೋಲು. ಅಂಗರಚನಾಶಾಸ್ತ್ರದ ಲ್ಯಾಟಿನ್ ಪಟ್ಟಿ ಮಾತ್ರ ಟ್ರುಂಕುಸ್, ಅಂದರೆ ಮರದ ಬೊಡ್ಡೆ, ಎಂಬ ಪದವನ್ನೇ ಇಟ್ಟುಕೊಂಡಿದೆ.

ಟಾರ್ಸೊ ಕಲೆಯ ಪದವಾಗಿ ನೆಲೆಯೂರಿದ್ದರಲ್ಲಿ ವ್ಯಾಟಿಕನ್‌ನ ಬೆಲ್ವೆಡೆರೆ ಟಾರ್ಸೊ ಎಂಬ ಅಮೃತಶಿಲೆಯ ಮೂರ್ತಿಯ ಪಾಲು ದೊಡ್ಡದು. ಕಲ್ಲಿನ ಮೇಲೆ ಅಥೆನ್ಸ್‌ನ ಅಪೊಲೊನಿಯಸ್ ತನ್ನ ಹೆಸರು ಕೆತ್ತಿದ್ದಾನೆ. ಮೂರ್ತಿ ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ: ಹಳಬರು ಹರ್ಕ್ಯುಲಿಸ್ ಎಂದರು, ಈಚಿನ ಕೆಲವರು ಏಜಾಕ್ಸ್ ಎನ್ನುತ್ತಾರೆ. ಅದೇ ಸಂಗ್ರಹದ ಲಾವೊಕೋವನ್ ಶಿಲ್ಪಕ್ಕೆ 16ನೇ ಶತಮಾನದಲ್ಲಿ ಮೇಲಕ್ಕೆ ಚಾಚಿದ ಹೊಸ ತೋಳು ಕೂಡಿಸಿದರು. 1906ರಲ್ಲಿ ಮೂಲ ತೋಳು ಸಿಕ್ಕಿತು; ಅದು ಹಿಂದಕ್ಕೆ ಮಡಿಚಿತ್ತು! ಬೆಲ್ವೆಡೆರೆ ಮೂರ್ತಿಗೆ ಯಾರೂ ಹೀಗೆ ಕೈ ಹಚ್ಚಲಿಲ್ಲ. ತಿರುಚಿದ ಬೆನ್ನು, ಬಿಗಿದ ಹೊಟ್ಟೆಯ ಸ್ನಾಯುಗಳನ್ನು ಮೈಕೆಲೆಂಜೆಲೊ ಕಣ್ತುಂಬ ನೋಡಿದ. ಸಿಸ್ಟೈನ್ ಪ್ರಾರ್ಥನಾಮಂದಿರದ ಚಾವಣಿಯಲ್ಲಿ ಅವನು ಚಿತ್ರಿಸಿದ ಬೆತ್ತಲೆ ಯುವಕರಲ್ಲಿ ಅದರ ಗುರುತು ಕಾಣುತ್ತದೆ.

ಮುರಿದುಳಿದದ್ದನ್ನು ಮೆಚ್ಚುವುದು ಬೇರೆ, ಬೇಕೆಂದೇ ಅಪೂರ್ಣವಾಗಿ ಮಾಡುವುದು ಬೇರೆ. ಎರಡನೆಯದನ್ನು ಪೂರ್ಣ ಕೃತಿಯ ಮಟ್ಟಕ್ಕೆ ತಂದವನು ಫ್ರಾನ್ಸಿನ ಶಿಲ್ಪಿ ರೊಡಾನ್. ಅವನ ‘ನಡೆಯುವ ಮನುಷ್ಯ’ನಿಗೆ ತಲೆಯೂ ಇಲ್ಲ, ತೋಳೂ ಇಲ್ಲ. ಮುಖಭಾವದ ನೆರವಿಲ್ಲದೆ ಚಲನೆಯೊಂದೇ ನಿಲ್ಲಬಲ್ಲದೆಂದು ಅದು ತೋರಿಸುತ್ತದೆ. ಟಾರ್ಸೊ ಎಂಬ ಪ್ರಕಾರ ನಿಜಕ್ಕೂ ಸಲ್ಲುವುದು ಇಂಥ ಕೃತಿಗಳಿಗೆ. ಅನಂತರ ಇದನ್ನು ಅನುಕರಿಸಿದ ಎಷ್ಟೋ ಕೃತಿಗಳಲ್ಲಿ ತಲೆ ಕಳೆದದ್ದಕ್ಕೆ ಫ್ಯಾಷನ್ ಬಿಟ್ಟರೆ ಬೇರೆ ಕಾರಣ ಕಾಣದು.

ಹಳೆಯ ಶಿಲ್ಪಗಳಿಗೆ ಈ ಹೆಸರು ಹಚ್ಚಿದಾಗ ತೊಡಕು ಬರುತ್ತದೆ. ಭಿನ್ನವಾದ ಮೂರ್ತಿ ಪೂಜೆಗೆ ಸಲ್ಲದು ಎಂಬ ನಂಬಿಕೆಯ ಭಾರತದಲ್ಲಿ ಮುರಿತ ನಷ್ಟವೇ ಹೊರತು ಶೈಲಿಯಲ್ಲ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹರಪ್ಪದ ಕೆಂಪು ಕಲ್ಲಿನ ಪುಟ್ಟ ಪುರುಷ ಮೂರ್ತಿಯೊಂದಿದೆ; ಎತ್ತರ ಹತ್ತು ಸೆಂಟಿಮೀಟರಿಗೂ ಕಡಿಮೆ. ಉಸಿರು ತುಂಬಿದಂತಿರುವ ಅದರ ಮೃದು ಹೊಟ್ಟೆಯನ್ನು ಹೊಗಳದವರಿಲ್ಲ. ಪುಸ್ತಕಗಳಲ್ಲಿ ಅದೂ ಟಾರ್ಸೊ. ಆದರೆ ಕತ್ತಿನಲ್ಲೂ ಭುಜಗಳಲ್ಲೂ ಕೊರೆದ ಗುಳಿಗಳಿವೆ: ತಲೆ, ತೋಳುಗಳನ್ನು ಬೇರೆಯಾಗಿ ಮಾಡಿ ಅಲ್ಲಿ ಜೋಡಿಸುತ್ತಿದ್ದರು.