ವೈಜ್ಞಾನಿಕ ಕಾದಂಬರಿ ಮತ್ತು ಸಂಗೀತ: ವಾಚ್ಯದಿಂದ ಧ್ವನಿಯೆಡೆಗೆ

ಸಾಹಿತ್ಯಕೃತಿಯೊಂದು ಸಂಗೀತಕ್ಕೆ ಪ್ರೇರಣೆಯಾಗುವುದು ಹೊಸ ಸಂಗತಿಯಲ್ಲ. ಆದರೆ ವೈಜ್ಞಾನಿಕ ಕಾದಂಬರಿಯು ಸಂಗೀತ ಸಂಯೋಜಕನ ಮುಂದೆ ಬೇರೊಂದು ಬಗೆಯ ಸಮಸ್ಯೆಯನ್ನು ಒಡ್ಡುತ್ತದೆ. ಮಳೆ, ಯುದ್ಧ, ವಿರಹಗಳ ಕುರಿತು ಕೇಳುಗನ ಕಿವಿಯಲ್ಲಿ ಪೂರ್ವಸಂಸ್ಕಾರವಿದೆ. ಯಾರೂ ಕಾಣದ ಗ್ರಹದ ಕುರಿತು ಅಂತಹ ಸಂಸ್ಕಾರವಿಲ್ಲ. ಸಂಗೀತವು ಆ ಲೋಕವನ್ನು ನಾದದಲ್ಲಿ ಕಟ್ಟಬಲ್ಲುದೇ ಅಥವಾ ಕಾದಂಬರಿಯ ಹೆಸರನ್ನಷ್ಟೇ ಹೊತ್ತು ನಿಲ್ಲುತ್ತದೆಯೇ ಎಂಬುದು ಮುಖ್ಯ ಪ್ರಶ್ನೆ. 1970ರ ದಶಕದ ಮೂರು ಕೃತಿಗಳ ಹಿನ್ನೆಲೆಯಲ್ಲಿ ಇದನ್ನು ಪರಿಶೀಲಿಸುವಾಗ ಭಾರತೀಯ ಕಾವ್ಯಮೀಮಾಂಸೆಯ ವಾಚ್ಯ ಮತ್ತು ಧ್ವನಿ ಎಂಬ ಪರಿಕಲ್ಪನೆಗಳು ನೆರವಿಗೆ ಬರುತ್ತವೆ.

ಎಚ್.ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' (1898) ಕಾದಂಬರಿಯನ್ನು ಆಧರಿಸಿ ಜೆಫ್ ವೇಯ್ನ್ 1978ರಲ್ಲಿ ಜೋಡಿ ಧ್ವನಿಮುದ್ರಿಕೆಯನ್ನು ಹೊರತಂದನು. ತಂತಿವಾದ್ಯವೃಂದ, ಸಿಂಥಸೈಜರ್ ಮತ್ತು ರಾಕ್ ವಾದ್ಯಗಳು ಇದರಲ್ಲಿ ಕೂಡಿವೆ. ಕಥೆಯನ್ನು ನಟ ರಿಚರ್ಡ್ ಬರ್ಟನ್‌ನ ನಿರೂಪಣೆ ಹೇಳುತ್ತದೆ. ಸಂಗೀತವು ಬಹುಮಟ್ಟಿಗೆ ಅದನ್ನು ಹಿಂಬಾಲಿಸುತ್ತದೆ. ಇದು ವಾಚ್ಯಪ್ರಧಾನ ಮಾರ್ಗ. ಆದರೂ ವೆಲ್ಸ್ ಅಕ್ಷರಗಳಲ್ಲಿ ಬರೆದಿದ್ದ ಮಂಗಳವಾಸಿಗಳ 'ಉಲ್ಲಾ' ಎಂಬ ಕೂಗು, ಮನುಷ್ಯಕಂಠವನ್ನು ಹೋಲಿಯೂ ಅದಾಗದ ವಿದ್ಯುನ್ಮಾನ ನಾದವಾಗಿ ಕೇಳಿಬಂದಾಗ ಕೃತಿಯು ವಾಚ್ಯವನ್ನು ಮೀರುತ್ತದೆ.

ಜರ್ಮನಿಯ ಕ್ಲಾಸ್ ಶುಲ್ಟ್ಸೆ 1979ರಲ್ಲಿ ಪ್ರಕಟಿಸಿದ 'ಡ್ಯೂನ್' ಇದಕ್ಕೆ ವಿರುದ್ಧ ದಿಕ್ಕಿನದು. ಫ್ರಾಂಕ್ ಹರ್ಬರ್ಟ್‌ನ 1965ರ ಕಾದಂಬರಿಯಲ್ಲಿರುವ ರಾಜಕೀಯ ಸಂಚು, ಧಾರ್ಮಿಕ ಉನ್ಮಾದಗಳ ಕಥನ ಇಲ್ಲಿಲ್ಲ. ಧ್ವನಿಮುದ್ರಿಕೆಯ ಒಂದೊಂದು ಬದಿಯನ್ನು ಒಂದೊಂದು ದೀರ್ಘರಚನೆ ಆವರಿಸಿದೆ. ನಿಧಾನವಾಗಿ ರೂಪ ಬದಲಿಸುವ ಸಿಂಥಸೈಜರ್ ನಾದದ ನಡುವೆ ವುಲ್ಫ್‌ಗಾಂಗ್ ಟೀಪೋಲ್ಡ್‌ನ ಚೆಲ್ಲೊ ಒಂಟಿಯಾಗಿ ಸಂಚರಿಸುತ್ತದೆ. ಮರಳುಗಾಡಿನ ವಿಸ್ತಾರ ಧ್ವನಿತವಾಗುವುದು ಈ ಒಂಟಿತನದಿಂದಲೇ. ಆದರೆ ಶೀರ್ಷಿಕೆಯನ್ನು ಮರೆಮಾಡಿದರೆ ಇದು ಯಾವುದೇ ಮರುಭೂಮಿಯಾಗಬಹುದು. ಹರ್ಬರ್ಟ್‌ನ ಪ್ರಶ್ನೆಗಳು ಉಳಿಯುವುದಿಲ್ಲ. ಇದು ಈ ಮಾರ್ಗದ ಮಿತಿ.

ಸ್ತಾನಿಸ್ಲಾವ್ ಲೆಮ್‌ನ 'ಸೊಲಾರಿಸ್' (1961) ಕಾದಂಬರಿಯನ್ನು ತಾರ್ಕೋವ್‌ಸ್ಕಿ 1972ರಲ್ಲಿ ಚಲನಚಿತ್ರವಾಗಿಸಿದಾಗ ಎಡ್ವರ್ಡ್ ಆರ್ತೆಮ್ಯೆವ್ ಸಂಗೀತ ನೀಡಿದನು. ಅವನು ಬಳಸಿದ ಎ.ಎನ್.ಎಸ್. ಎಂಬುದು ಯೆವ್ಗೆನಿ ಮುರ್ಜಿನ್ ನಿರ್ಮಿಸಿದ, ಗಾಜಿನ ಫಲಕದ ಮೇಲೆ ಗೀರಿದ ರೇಖೆಗಳನ್ನು ಬೆಳಕಿನ ಮೂಲಕ ನಾದವಾಗಿಸುವ ಯಂತ್ರ. ಚಿತ್ರದಲ್ಲಿ ಬಾಖ್‌ನ ಆರ್ಗನ್ ರಚನೆಯೊಂದು ಮತ್ತೆ ಮತ್ತೆ ಬರುತ್ತದೆ. ಮರಳಿ ಬರುವಾಗ ಅದರ ಮೇಲೆ ಆರ್ತೆಮ್ಯೆವ್‌ನ ನಾದಪದರಗಳು ಸೇರಿಕೊಳ್ಳುತ್ತವೆ. ಲೆಮ್‌ನ ಸಾಗರವು ಗಗನಯಾತ್ರಿಯ ನೆನಪಿನಿಂದ ಅವನ ಮೃತ ಪತ್ನಿಯನ್ನು ಮರುಸೃಷ್ಟಿಸುತ್ತದೆ: ಮುಖ ಪರಿಚಿತ, ದ್ರವ್ಯ ಅಪರಿಚಿತ. ಪರಿಚಿತ ರಾಗರೇಖೆ ಅಪರಿಚಿತ ನಾದವನ್ನು ಹೊದ್ದು ಹಿಂದಿರುಗುವ ಕ್ರಮವೂ ಇದೇ. ಚಿತ್ರವನ್ನು ಲೆಮ್ ಮೆಚ್ಚಲಿಲ್ಲ. ಆದರೂ ಕಾದಂಬರಿಯ ಮೂಲಪ್ರಶ್ನೆ ಇಲ್ಲಿ ಸಂಗೀತದ ರಚನಾಕ್ರಮವೇ ಆಗಿದೆ.

ಹೀಗೆ ನೋಡಿದಾಗ, ಹೊಸ ಯಂತ್ರದ ಬಳಕೆಯೊಂದೇ ಅನ್ಯಲೋಕದ ಅನುಭವವನ್ನು ಉಂಟುಮಾಡಲಾರದು ಎಂಬುದು ಸ್ಪಷ್ಟವಾಗುತ್ತದೆ. ಕಂಠ, ಚೆಲ್ಲೊ, ಆರ್ಗನ್ ಮೊದಲಾದ ಪರಿಚಿತ ನಾದಗಳು ಅಪರಿಚಿತವಾಗುವ ಕ್ಷಣದಲ್ಲಿಯೇ ಅದು ಮೂಡುತ್ತದೆ. ಆದುದರಿಂದ ಇಂತಹ ಕೃತಿಗಳನ್ನು ಶೀರ್ಷಿಕೆಯ ಆಧಾರದ ಮೇಲೆ ವರ್ಗೀಕರಿಸುವುದು ಸಾಲದು. ಕಾದಂಬರಿಯ ಯಾವ ಪ್ರಶ್ನೆ ನಾದದ ವಿನ್ಯಾಸವಾಗಿ ಪರಿವರ್ತಿತವಾಗಿದೆ ಎಂಬುದನ್ನು ವಿಮರ್ಶೆಯು ಕೇಳಬೇಕಾಗಿದೆ.